ಹಾಳೆಯ ಖಾಲಿ ಮಗ್ಗುಲು

ಆಸ್ಪತ್ರೆಯಲ್ಲಿ ಕೆಲವು ದಿನ ಮಂಕಾಗಿ ಮಲಗಿದ್ದ ಅಪ್ಪ ಕೊನೆಗೊಮ್ಮೆ ಬಾಯಿ ತೆರೆದಾಗ ಹೊರಬಂದ ಮಾತು ಕನ್ನಡದ್ದಾಗಿರಲಿಲ್ಲ. "ಪಾನಿ ಹೋನಾ," ಎಂದರು.

ಅಮ್ಮ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಬೆಂಗಳೂರಿನಲ್ಲಿ ಇಷ್ಟು ವರ್ಷ ಬದುಕಿದವಳಿಗೆ ಪಾನಿ ಎಂದರೆ ನೀರು ಎಂದು ಗೊತ್ತಿರಲಿಲ್ಲವೆಂದಲ್ಲ. ಗಂಡ ತನ್ನ ಮುಖ ನೋಡಿಕೊಂಡು ಆ ಮಾತು ಆಡಿದ್ದೇ ಅವಳಿಗೆ ಅರ್ಥವಾಗಲಿಲ್ಲ. ಹಿಂದೆ ಬೇರೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು ತಿರುಗಿ ನೋಡಿದಳು. ಅಲ್ಲಿ ನಾನೊಬ್ಬಳೇ ಇದ್ದೆ.

"ನೀರು ಕೇಳ್ತಿದ್ದಾರಮ್ಮ," ಎಂದೆ.

"ಅದು ಗೊತ್ತಾಯ್ತು ಕಣೇ," ಎಂದಳು. ಎದ್ದು ಚಮಚದಲ್ಲಿ ನೀರು ಕುಡಿಸಿದಳು. ಅಪ್ಪನ ಬಾಯಿಯ ಬಲಗಡೆ ಸೋತುಹೋಗಿತ್ತು. ಅರ್ಧ ನೀರು ದಿಂಬಿಗೆ ಇಳಿಯಿತು. ಅಪ್ಪ ಸಾಕೆಂಬಂತೆ ಕಣ್ಣು ಮುಚ್ಚಿ, "ಬಸ್," ಎಂದರು.

ಅಪ್ಪ ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ಟಿನ ಹಿಂದಿನ ಒಂದು ಗಲ್ಲಿಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ದಖ್ಖನಿ ಉರ್ದು, ಸ್ವಲ್ಪ ತಮಿಳು. ಗೋಲಿ, ಬುಗುರಿ, ಜಗಳ ಎಲ್ಲವೂ ದಖ್ಖನಿಯಲ್ಲೇ. ಆಮೇಲೆ ಕೆ.ಆರ್. ಪುರದ ಕಡೆ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ತಯಾರಾದ ಭಾಗಗಳನ್ನು ಡ್ರಾಯಿಂಗಿನ ಜೊತೆ ಹೋಲಿಸಿ, ಅಳೆದು, ಸರಿಯೋ ತಪ್ಪೋ ಹೇಳುವ ಇನ್‌ಸ್ಪೆಕ್ಷನ್ ವಿಭಾಗ. ತುಮಕೂರಿನ ಕಡೆಯ ಅಮ್ಮನನ್ನು ಮದುವೆಯಾದರು, ಕಾರ್ಖಾನೆಯ ಕಾಲೊನಿಯಲ್ಲಿ ಸಂಸಾರ ಹೂಡಿದರು, ರಿಟೈರಾಗುವ ಹೊತ್ತಿಗೆ ಗರುಡಾಚಾರ್‌ಪಾಳ್ಯದ ಹತ್ತಿರ ಮನೆ ಕಟ್ಟಿಸಿದರು. ನನಗೆ ಬುದ್ಧಿ ಬಂದಾಗಿನಿಂದ ಅವರು ದಖ್ಖನಿ ಆಡಿದ್ದನ್ನು ಕೇಳಿದ್ದು ಹಬ್ಬಕ್ಕೆ ಮೊದಲು ಮಾರ್ಕೆಟ್ಟಿನಲ್ಲಿ ಹಣ್ಣಿನವರ ಜೊತೆ ಚೌಕಾಸಿ ಮಾಡುವಾಗ, ಇಲ್ಲವೇ ಗಲ್ಲಿಯ ಹಳೆಯ ಗೆಳೆಯ ಸಿಕ್ಕಾಗ. ಮನೆಗೆ ಬಂದರೆ ಅದನ್ನು ಚಪ್ಪಲಿಯ ಜೊತೆ ಹೊರಗೇ ಬಿಡುತ್ತಿದ್ದರು.

ಒಂದು ಬೆಳಿಗ್ಗೆ ಗಡ್ಡ ಮಾಡಿಕೊಳ್ಳುತ್ತಾ ನಿಂತವರು ಕುಸಿದುಬಿದ್ದರು. ಮುಖದ ಅರ್ಧಕ್ಕೆ ಸೋಪಿನ ನೊರೆ ಹಾಗೇ ಇತ್ತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅದರಲ್ಲಿ ಕಾಲು ಅಷ್ಟಿಷ್ಟು ವಾಪಸ್ ಬಂತು. ಮಾತು ಬಂದದ್ದು ಹೀಗೆ.

"ಎರಡು ಮೂರು ಭಾಷೆ ಇರೋರಿಗೆ ಒಂದೊಂದ್ಸಲ ಹೀಗೂ ಆಗುತ್ತೆ," ಎಂದರು ನರರೋಗದ ಡಾಕ್ಟರು. "ಯಾವ್ದು ಮೊದಲು ಬರುತ್ತೆ, ಯಾವ್ದು ಬರೋದೇ ಇಲ್ಲ ಅಂತ ಈಗ್ಲೇ ಹೇಳೋಕಾಗಲ್ಲ. ನೀವು ಕನ್ನಡದಲ್ಲಿ ಹೇಳಿದ್ದು ಅವರಿಗೆ ಸ್ವಲ್ಪ ಸ್ವಲ್ಪ ಗೊತ್ತಾಗ್ತಿದೆ. ಆದ್ರೆ ಕನ್ನಡ ಹೊರಗೆ ಬರ್ತಿಲ್ಲ."

ಅಮ್ಮ ಡಾಕ್ಟರ ಮೇಜಿನ ಅಂಚು ಹಿಡಿದುಕೊಂಡು ಕೇಳಿದಳು: "ಹಂಗಾದ್ರೆ ಇಷ್ಟು ವರ್ಷ ನನ್ ಜೊತೆ ಆಡಿದ ಮಾತೆಲ್ಲ ಎಲ್ಲಿಗೆ ಹೋಯ್ತು?"

ಡಾಕ್ಟರು ಮಾತ್ರೆಯ ಚೀಟಿ ಬರೆದು ನನ್ನ ಕೈಗೆ ಕೊಟ್ಟರು.

ಮನೆಗೆ ಕರೆತಂದ ಮೇಲೆ ಕಷ್ಟ ನಿಜವಾಗಿ ಗೊತ್ತಾಯಿತು. ಹಗಲಿಡೀ ನಾನು ಕೆಲಸಕ್ಕೆ ಹೋಗಿರುತ್ತಿದ್ದೆ. ಮದುವೆ ಮುರಿದುಕೊಂಡು ತವರಿಗೆ ಬಂದು ಬಹಳ ಕಾಲವಾಗಿತ್ತು. ಮನೆಯಲ್ಲಿ ನಾವು ಮೂವರೇ. ನನಗೆ ಬಸ್ಸಿನಲ್ಲಿ, ಮಾರ್ಕೆಟ್ಟಿನಲ್ಲಿ ಕಿವಿಗೆ ಬಿದ್ದ ಅರೆಬರೆ ದಖ್ಖನಿ ಇತ್ತು. ಅಮ್ಮನಿಗೆ ಅದೂ ಇರಲಿಲ್ಲ. ಒಂದು ಮಧ್ಯಾಹ್ನ ಅಪ್ಪ, "ಗರ್ಮಿ ಹೋರೈ, ಗರ್ಮಿ," ಎಂದು ಬಡಬಡಿಸಿದ್ದಾರೆ. ಬಿಸಿ ಏನೋ ಬೇಕಂತೆ ಎಂದುಕೊಂಡು ಅಮ್ಮ ಕಾಫಿ ಕಾಯಿಸಿ ತಂದಿದ್ದಾಳೆ. ಅವರಿಗೆ ಬೇಕಾಗಿದ್ದದ್ದು ಫ್ಯಾನು. ಎಡಗೈಯಿಂದ ಲೋಟವನ್ನು ಬೀಸಿ ಹೊಡೆದಿದ್ದಾರೆ. ನಾನು ಸಂಜೆ ಬಂದಾಗ ಗೋಡೆಯ ಮೇಲೆ ಕಾಫಿಯ ಕಲೆ, ಅಮ್ಮನ ಮಣಿಕಟ್ಟಿನ ಮೇಲೆ ಬೊಬ್ಬೆ. ಫ್ಯಾನು ಆಗಲೂ ತಿರುಗುತ್ತಿರಲಿಲ್ಲ. ನಾನು ಸ್ವಿಚ್ ಒತ್ತಿದ ಕೂಡಲೇ ಅಪ್ಪ ನಿಟ್ಟುಸಿರು ಬಿಟ್ಟು ಅಳತೊಡಗಿದರು. ಅವರು ಅತ್ತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಇಂದಿರಾನಗರದಲ್ಲಿ ಮಾತಿನ ತರಬೇತಿ ಕೊಡುವ ಒಬ್ಬ ಹೆಣ್ಣುಮಗಳಿದ್ದಳು. ವಾರಕ್ಕೊಮ್ಮೆ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆವು. ತಾಳ್ಮೆಯ ಹುಡುಗಿ. "ಒಂದು ಹಾಳೆಗೆ ಒಂದೇ ಮಾತು, ದಪ್ಪ ಅಕ್ಷರ, ಪಕ್ಕದಲ್ಲಿ ಚಿತ್ರ. ದಿನಾ ತೋರಿಸಿ, ಹೇಳಿಸಿ. ಒಂದೇ ಹಾಳೆ ಹತ್ತು ಸಲ ಮುದುಡುತ್ತೆ, ನೆನೆಯುತ್ತೆ, ಹರಿಯುತ್ತೆ. ಹಾಗಾಗಿ ಜಾಸ್ತಿ ಪ್ರಿಂಟ್ ಮಾಡಿಟ್ಕೊಳ್ಳಿ," ಎಂದಳು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅವರಿಗೆ ಯಾವ ಭಾಷೆ ಬರ್ತಿದೆಯೋ ಅದನ್ನ ತಡೀಬೇಡಿ. ಅದರಲ್ಲೇ ಮಾತಾಡ್ಲಿ," ಎಂದಳು. ಅಮ್ಮ ಅದನ್ನು ಕೇಳಿಸಿಕೊಂಡಳು. ಮನೆ ಬಂದ ಮೇಲೆ, "ಕನ್ನಡದಲ್ಲೇ ಮಾಡ್ಕೊಡು," ಎಂದಳು.

ನಾನು ಕೆಲಸ ಮಾಡುತ್ತಿದ್ದದ್ದು ಅಲ್ಲೇ ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ. ಯಂತ್ರದ ಬಿಡಿಭಾಗ ಮಾಡುವ ಜಾಗ. ಒಳಗೆ ಯಂತ್ರದ ಮುಂದೆ ನಿಲ್ಲುವವರ ಕೈಗೆ ಡ್ರಾಯಿಂಗ್‌ಗಳನ್ನು ಪ್ರಿಂಟ್ ಮಾಡಿ ಕೊಡುವುದು, ಹಳೆಯದನ್ನು ವಾಪಸ್ ತೆಗೆದುಕೊಂಡು ರದ್ದು ಮಾಡುವುದು ನನ್ನ ಕೆಲಸ. ಅಳತೆಯಲ್ಲಿ ಒಂದು ಗೆರೆ ಬದಲಾದರೂ ಹಳೆಯ ಹಾಳೆಯೆಲ್ಲ ಕಸ. ಎಲ್ಲವೂ ಒಂದೇ ಮಗ್ಗುಲಿನಲ್ಲಿ ಅಚ್ಚಾದವು, ಹಿಂದುಗಡೆ ಬೆಳ್ಳಗೆ. ಮಾಲೀಕರನ್ನು ಕೇಳಿದೆ. "ಗಿರಾಕಿ ಹೆಸರಿನ ಮೇಲೆ ಮಾರ್ಕರ್ ಎಳೆದು ತಗೊಂಡು ಹೋಗಮ್ಮ, ನಮಗ್ಯಾಕೆ," ಎಂದರು. ಆಫೀಸಿಗೆ ಹೊಸ ಪ್ರಿಂಟರ್ ಬಂದಾಗ ಹಳೆಯ ಲೇಸರ್ ಪ್ರಿಂಟರನ್ನೂ ನನಗೇ ಕೊಟ್ಟಿದ್ದರು. ಅದು ನನ್ನ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು.

ಒಂದು ಮಗ್ಗುಲು ಬಳಸಿದ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಮತ್ತೆ ಹಾಕುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ. ಒಮ್ಮೆ ಒಳಗೆ ಹೋಗಿ ಶಾಖ ತಿಂದ ಹಾಳೆ ನೆಟ್ಟಗಿರುವುದಿಲ್ಲ, ಹಪ್ಪಳದಂತೆ ಅಂಚು ಎದ್ದಿರುತ್ತದೆ. ಅದಕ್ಕೆ ಅಮ್ಮ ಹಾಳೆಗಳ ಕಟ್ಟನ್ನು ಅಕ್ಕಿ ಡಬ್ಬದ ಕೆಳಗಿಟ್ಟು ಒತ್ತುತ್ತಿದ್ದಳು. ಪಿನ್ನು ಉಳಿದಿದ್ದರೆ ಒಳಗಿನ ಡ್ರಮ್ಮಿಗೆ ಗೀರು ಬೀಳುತ್ತದೆ. ಪ್ರತಿ ಹಾಳೆಯ ಮೂಲೆಯನ್ನೂ ಬೆರಳಿನಿಂದ ಸವರಿ ನೋಡುತ್ತಿದ್ದೆ. ಮಳೆಗಾಲದಲ್ಲಿ ತೇವ ಹಿಡಿದು ಎರಡೆರಡು ಹಾಳೆ ಒಟ್ಟಿಗೆ ಹೋಗಿ ಸಿಕ್ಕಿಕೊಳ್ಳುತ್ತಿದ್ದವು. ಮಾರ್ಕರಿನ ಮಸಿ ಶಾಖಕ್ಕೆ ಕಮಟು ವಾಸನೆ ಬಿಡುತ್ತಿತ್ತು. ಆದರೂ ಹಾಳೆ ಹೊರಗೆ ಬರುತ್ತಿತ್ತು, ಬೆಚ್ಚಗೆ. ನೀರು. ಅನ್ನ. ಕನ್ನಡಕ. ಚಾಪೆ. ಬಾಗಿಲು.

ಅಮ್ಮ ಬೆಳಗಿನ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಅಪ್ಪನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. "ನೋಡ್ರೀ ಇಲ್ಲಿ. ನೀ... ರು. ಹೇಳಿ." ಅಪ್ಪನ ತುಟಿ ಅಲುಗುತ್ತಿತ್ತು. ನಾಲಿಗೆ ಏನನ್ನೋ ಹುಡುಕುತ್ತಿತ್ತು. ಕೊನೆಗೆ, "ಪಾನಿ." ಅಮ್ಮ ತಲೆ ಅಲ್ಲಾಡಿಸುತ್ತಿದ್ದಳು. "ಪಾನಿ ಅಲ್ಲ. ನೀರು ಅನ್ನಿ." "ಪಾನಿ." "ನೀರು." "ಪಾನಿ ಬೋಲಾ ನಾ!" ಹೇಳಿದೆನಲ್ಲ ಎಂದು ಅಪ್ಪ ರೇಗಿದ ಮೇಲೆ ಅಮ್ಮ ಮುಂದಿನ ಹಾಳೆ ಎತ್ತಿಕೊಳ್ಳುತ್ತಿದ್ದಳು.

ಒಂದು ರಜೆಯ ದಿನ ನಾನು ಅಲ್ಲೇ ಕೂತಿದ್ದೆ. ಅಮ್ಮ "ಬಾಗಿಲು" ಎಂಬ ಹಾಳೆಯನ್ನು ಅವರ ಕೈಗೆ ಕೊಟ್ಟಳು. ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ಒಂದು ಕ್ಷಣ ನೋಡಿದರು. ನಿಧಾನವಾಗಿ ತೊಡೆಯ ಮೇಲಿಟ್ಟು ತಿರುಗಿಸಿದರು. ಹಿಂದುಗಡೆ ಯಾವುದೋ ಪಂಪಿನ ಮುಚ್ಚಳದ ಡ್ರಾಯಿಂಗ್. ಒಂದರೊಳಗೊಂದು ವೃತ್ತ, ಸುತ್ತ ತೂತುಗಳು, ಬಾಣದ ಗೆರೆಗಳು, ಅಳತೆ. ಅಪ್ಪನ ಮುಖ ಬದಲಾಯಿತು. ತೋರುಬೆರಳು ಹೊರಗಿನ ವೃತ್ತದ ಮೇಲೆ ಸುತ್ತಿತು, ತೂತಿನ ಹತ್ತಿರ ನಿಂತಿತು, ಅಲ್ಲಿಂದ ಗೆರೆ ಹಿಡಿದು ಅಳತೆಯವರೆಗೆ ಹೋಯಿತು. ಮತ್ತೆ ಮುಂದಿನ ತೂತು. ಉಸಿರು ಕೂಡ ನೆಮ್ಮದಿಯಾಗಿ ಆಡುತ್ತಿತ್ತು. ಕಾರ್ಖಾನೆಯಲ್ಲಿ ಅವರು ಹೀಗೇ ನಿಂತಿರುತ್ತಿದ್ದರೇನೋ ಅನ್ನಿಸಿತು. ನಾನು ಅವರನ್ನು ಕೆಲಸದಲ್ಲಿ ಯಾವತ್ತೂ ನೋಡಿರಲಿಲ್ಲ.

"ಆ ಕಡೆ ಏನಿದೆ ಅಂತ ನೋಡ್ತೀರಿ? ಈ ಕಡೆ ನೋಡ್ರೀ," ಎಂದು ಅಮ್ಮ ಹಾಳೆಯನ್ನು ಮತ್ತೆ ತಿರುಗಿಸಿದಳು. ಅಪ್ಪ ಮತ್ತೆ ಆ ಕಡೆಗೆ ತಿರುಗಿಸಿದರು. ಎರಡು ಮೂರು ಸಲ ಹೀಗಾಯಿತು. ಹಾಳೆ ಹರಿಯಿತು.

ಅಂದಿನಿಂದ ಯಾವ ಹಾಳೆ ಕೊಟ್ಟರೂ ಅವರು ಮೊದಲು ಹಿಂದುಗಡೆ ನೋಡುವುದಾಯಿತು. ಅಮ್ಮನಿಗೆ ಸಿಟ್ಟು ಬಂತು. ಮರುದಿನ ತಾನೇ ಅಂಗಡಿಗೆ ಹೋಗಿ ಹೊಸ ಬಿಳಿ ಹಾಳೆಯ ಕಟ್ಟು ತಂದು ನನ್ನ ಮುಂದೆ ಕುಕ್ಕಿದಳು. "ಇದರಲ್ಲಿ ಮಾಡು. ಆಗ ಎಲ್ಲಿ ತಿರುಗಿಸ್ತಾರೋ ನೋಡ್ತೀನಿ."

ಮಾಡಿದೆ. ಹೊಸ ಹಾಳೆ ಒಂದೂ ಸಿಕ್ಕಿಕೊಳ್ಳದೆ ಸರಸರ ಬಂತು, ಅಕ್ಷರ ಎಷ್ಟು ಚೊಕ್ಕ. ಅಮ್ಮ ಮೊದಲನೆಯದನ್ನು ಕೊಟ್ಟಳು. ಅಪ್ಪ ತಿರುಗಿಸಿದರು. ಬಿಳಿ. ಬೆಳಕಿಗೆ ಎತ್ತಿ ಹಿಡಿದರು. ಮತ್ತೆ ಬಿಳಿ. ಪಕ್ಕಕ್ಕಿಟ್ಟರು. ಎರಡನೆಯದನ್ನೂ ಹಾಗೇ ಮಾಡಿದರು. ಮೂರನೆಯದಕ್ಕೆ ಕೈಯೇ ಚಾಚಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿಬಿಟ್ಟರು. ಆ ವಾರವಿಡೀ ಅವರನ್ನು ಎಬ್ಬಿಸಿ ಕೂರಿಸುವುದರಲ್ಲೇ ಸಾಕುಬೇಕಾಯಿತು. ಕೊನೆಗೆ ಅಮ್ಮನೇ ಸೋತು, "ಹಳೇ ಹಾಳೇನೇ ತಾರೇ. ಏನಾದ್ರೂ ಒಂದು ನೋಡ್ಕೊಂಡು ಕೂತಿರ್ಲಿ," ಎಂದಳು.

ಮರುದಿನದಿಂದ ಮತ್ತೆ ಡ್ರಾಯಿಂಗ್ ಹಾಳೆಗಳು. ಅಮ್ಮ ತನ್ನ ಮಗ್ಗುಲನ್ನು ಓದಿಸುತ್ತಿದ್ದಳು, ಅವರು ತಮ್ಮ ಮಗ್ಗುಲನ್ನು ನೋಡುತ್ತಿದ್ದರು.

ಅಪ್ಪನ ಹಳೆಯ ಗೆಳೆಯರೊಬ್ಬರು ಭಾನುವಾರ ಬರುತ್ತಿದ್ದರು. ಗಲ್ಲಿಯಲ್ಲಿ ಪಕ್ಕದ ಮನೆಯವರು. ಶಿವಾಜಿನಗರದಲ್ಲಿ ಸೂಟ್‌ಕೇಸು, ಬ್ಯಾಗು ರಿಪೇರಿ ಮಾಡುವ ಅಂಗಡಿ ಇತ್ತು. ಈಗ ಮಗನ ಜೊತೆ ಮರ್ಫಿ ಟೌನಿನಲ್ಲಿ ವಾಸ. ಹಲಸೂರಿನಲ್ಲಿ ಮೆಟ್ರೋ ಹತ್ತಿ, ನಮ್ಮ ಸ್ಟೇಷನ್ನಿನಲ್ಲಿ ಇಳಿದು, ಕೈಯಲ್ಲೊಂದು ಬನ್ನಿನ ಪೊಟ್ಟಣ ಹಿಡಿದು ಮೊಣಕಾಲು ನೋವಿಗೆ ಕುಂಟುತ್ತಾ ಬರುತ್ತಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ಅವರು ಬಂದ ಕೂಡಲೇ ಅಪ್ಪನ ನಾಲಿಗೆ ಸಡಿಲಾಗುತ್ತಿತ್ತು. ತೊದಲು ಮಾತೇ, ಅರ್ಧರ್ಧ ವಾಕ್ಯವೇ. ಆದರೂ ಇಬ್ಬರೂ ನಗುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ನಗೆಯನ್ನು ನೋಡುತ್ತಿದ್ದಳು, ಬೇರೆ ಯಾರದೋ ಮನೆಗೆ ಬಂದವಳ ಹಾಗೆ.

ಒಂದು ಭಾನುವಾರ ಅವಳು ಟೀ ಲೋಟ ಕೆಳಗಿಟ್ಟು ಅಲ್ಲೇ ಕೂತಳು. "ಅಣ್ಣಾ, ಒಂದು ಕೇಳಿ ಅವರನ್ನ. ನಾನ್ ಯಾರು ಅಂತ ಕೇಳಿ."

ಚಾಚಾ ಗಲಿಬಿಲಿಗೊಂಡರು. "ಯಾಕೆ ಭಾಬಿ? ಅವನಿಗೆ ಗೊತ್ತಿಲ್ದೆ ಏನು?"

"ಕೇಳಿ ಅಂದ್ನಲ್ಲ."

ಚಾಚಾ ಅಪ್ಪನ ಕಡೆ ತಿರುಗಿ, "ಯೇ ಕೋನ್ ರೇ?" ಎಂದರು. ಅಪ್ಪ ಅಮ್ಮನನ್ನು ನೋಡಿದರು. ಏನು ಮೂರ್ಖ ಪ್ರಶ್ನೆ ಎಂಬಂತೆ ಗೆಳೆಯನನ್ನು ನೋಡಿದರು. "ಘರ್‌ವಾಲಿ," ಎಂದರು.

"ಮನೆಯವಳು ಅಂತಿದ್ದಾನೆ."

"ಅದಲ್ಲ. ನನ್ನ ಏನಂತ ಕರೀತಿದ್ರು ಅಂತ ಕೇಳಿ."

ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದವರಲ್ಲ. "ಇವಳೇ" ಎನ್ನುತ್ತಿದ್ದರು, ಅಷ್ಟೇ. ಗೇಟು ತೆಗೆಯುತ್ತಿದ್ದಂತೆ "ಇವಳೇ," ಊಟಕ್ಕೆ ಕೂತರೆ "ಇವಳೇ, ಮಜ್ಜಿಗೆ." ಚಾಚಾ ಪ್ರಶ್ನೆಯನ್ನು ದಖ್ಖನಿಗೆ ತಿರುಗಿಸಿದರು. ಅಪ್ಪನ ಹುಬ್ಬು ಗಂಟಿಕ್ಕಿತು. ಬಾಯಿ ತೆರೆಯಿತು, ಮುಚ್ಚಿತು. "ಇ..." ಎಂದರು. ಮತ್ತೆ "ಇ..." ಅಮ್ಮ ಮುಂದಕ್ಕೆ ಬಾಗಿದಳು. ಅಪ್ಪನ ಹಣೆಯ ಮೇಲೆ ಬೆವರು ಬಂತು. ಎಡಗೈಯಿಂದ ತಮ್ಮ ತೊಡೆಗೆ ತಾವೇ ಹೊಡೆದುಕೊಳ್ಳತೊಡಗಿದರು, ಜೋರಾಗಿ, ಮತ್ತೆ ಮತ್ತೆ. ಚಾಚಾ ಆ ಕೈಯನ್ನು ಹಿಡಿದುಕೊಂಡರು. "ಬಿಡಿ ಭಾಬಿ, ಸಾಕು. ಅವನಿಗೆ ಹಿಂಸೆ ಆಗ್ತಿದೆ."

"ನನಗೆ ಆಗ್ತಿಲ್ವಾ?" ಎಂದು ಅಮ್ಮ ಎದ್ದು ಒಳಗೆ ಹೋದಳು.

ಅದಾದ ಮೇಲೆ ಪ್ರಿಂಟರ್ ಕೆಡತೊಡಗಿತು. ಮೊದಮೊದಲು ಅಕ್ಷರಗಳ ಮೇಲೆ ಸಣ್ಣ ಬೂದು ಗೆರೆಗಳು ಕಾಣಿಸಿಕೊಂಡವು. ಮಾರತ್ತಹಳ್ಳಿಯಿಂದ ಬಂದ ಮೆಕ್ಯಾನಿಕ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದ. "ಮೇಡಂ, ಒನ್ ಸೈಡ್ ಪೇಪರ್ ಹಾಕ್ತೀರಾ? ಹಳೇ ಪ್ರಿಂಟಿನ ಪುಡಿ ಮತ್ತೆ ಬಿಸಿಗೆ ಕರಗಿ ರೋಲರ್‌ಗೆ ಮೆತ್ಕೊಂಡಿದೆ. ಅದೇ ಮುಂದಿನ ಹಾಳೆ ಮೇಲೆ ಬೀಳ್ತಿದೆ," ಎಂದ. ಒರೆಸಿಕೊಟ್ಟ. ಸ್ವಲ್ಪ ದಿನ ಸರಿಹೋಯಿತು, ಮತ್ತೆ ಶುರುವಾಯಿತು. "ಅನ್ನ" ಎಂಬ ಅಕ್ಷರಗಳ ಅಡಿಯಲ್ಲಿ ಯಾವುದೋ ಚಕ್ರದ ಅರ್ಧ ನೆರಳು. "ಕನ್ನಡಕ" ಎಂಬುದರ ಮೇಲೆ ತುಂಡು ಬಾಣ. ಅಪ್ಪನಿಗೆ ಮೊದಲೇ ಅಕ್ಷರ ಗುರುತು ಹಿಡಿಯುವುದು ಕಷ್ಟ. ಈಗ ಎರಡೂ ಮಗ್ಗುಲು ಕಲೆಸಿಹೋದವು. ಅವರು ಹಾಳೆಯನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಯಾವುದು ಮುಂದು ಯಾವುದು ಹಿಂದು ಎಂದು ತಿಳಿಯದೆ, ಕೊನೆಗೆ ನನ್ನ ಮುಖ ನೋಡುತ್ತಿದ್ದರು. ಇಂದಿರಾನಗರದ ಹುಡುಗಿ ಹಾಳೆಗಳನ್ನು ನೋಡಿ, "ಇದರಿಂದ ಅವರಿಗೆ ಇನ್ನೂ ಗೊಂದಲ ಆಗುತ್ತೆ," ಎಂದಳು. ಜೊತೆಗೇ, ಇಷ್ಟು ತಿಂಗಳಾದ ಮೇಲೂ ಕನ್ನಡದ ಒಂದು ಮಾತೂ ಬಾರದಿರುವುದರಿಂದ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೂ ಮೆಲ್ಲನೆ ಹೇಳಿದಳು.

ಆ ದಿನ ಮನೆಗೆ ಬಂದು ಅಮ್ಮ ಅಪ್ಪನಿಗೆ ಊಟ ಮಾಡಿಸಿದಳು. ಆಮೇಲೆ ನನ್ನ ಕೋಣೆಗೆ ಬಂದು ಪ್ರಿಂಟರಿನ ಪಕ್ಕ ನಿಂತಳು.

"ಇದು ಇನ್ನೂ ಸ್ವಲ್ಪ ದಿನ ಓಡುತ್ತಾ?"

"ಗೆರೆ ಬೀಳುತ್ತಮ್ಮ. ಅಪ್ಪಂಗೆ ಓದೋಕಾಗಲ್ಲ."

"ಅಪ್ಪಂಗಲ್ಲ. ನನಗೆ." ಸ್ವಲ್ಪ ತಡೆದು ಹೇಳಿದಳು: "ಅವರ ಭಾಷೆ ನನಗೆ ಬರ್ಕೊಡು. ಕನ್ನಡ ಅಕ್ಷರದಲ್ಲಿ. ಅವರಂತೂ ಈ ಕಡೆ ಬರಲ್ಲ."

ಚಾಚಾ ಹೇಳಿಕೊಟ್ಟರು, ನಾನು ಟೈಪ್ ಮಾಡಿದೆ. ಒಂದು ಕಡೆ ದಖ್ಖನಿ, ಎದುರಿಗೆ ಅರ್ಥ. ಭೂಕ್ ಲಗ್ರೀ, ಹಸಿವಾಗ್ತಿದೆ. ದುಖ್ರಾ, ನೋಯ್ತಿದೆ. ಹೌ, ಹೂಂ. ನಕ್ಕೋ, ಬೇಡ. ಆ, ಬಾ. ಜಾ, ಹೋಗು. ಅದೇ ಹಳೆಯ ಹಾಳೆಗಳ ಖಾಲಿ ಮಗ್ಗುಲಿಗೆ ಅಚ್ಚು ಹಾಕಿದೆ. ನೆರಳು ಗೆರೆಗಳಿಗೆ ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಕನ್ನಡಕ ಏರಿಸಿಕೊಂಡು, ಸೊಪ್ಪು ಬಿಡಿಸುತ್ತಾ, ಒಲೆಯ ಮುಂದೆ ನಿಂತು ಬಾಯಿಪಾಠ ಮಾಡಿದಳು. ಅವಳ ನಾಲಿಗೆಗೆ ಅದು ಒಗ್ಗಲಿಲ್ಲ. ಎಲ್ಲ ಮಾತೂ ತುಮಕೂರಿನದಾಗಿ ಹೊರಬರುತ್ತಿತ್ತು. ಮೊದಲ ಸಲ ಅವಳು ಅಪ್ಪನ ಮುಂದೆ ನಿಂತು, "ಭೂಕ್ ಲಗ್ರಿಯಾ?" ಎಂದಾಗ ಅಪ್ಪ ತಬ್ಬಿಬ್ಬಾಗಿ ನೋಡಿದರು. ಆಮೇಲೆ "ಹೌ," ಎಂದರು. ಅಷ್ಟೇ. ಅವಳು ಅನ್ನ ಕಲಸಿ ತಂದಳು. ಆ ಮಧ್ಯಾಹ್ನ ಅವರು ಇಡೀ ತಟ್ಟೆ ಮುಗಿಸಿದರಂತೆ. ಅದನ್ನು ನನಗೆ ಫೋನು ಮಾಡಿ ಹೇಳಿದಳು. ನಮ್ಮ ಮನೆಯಲ್ಲಿ ಆ ವರ್ಷ ನಡೆದ ಒಳ್ಳೆಯದೆಂದರೆ ಅದೊಂದೇ ಇರಬೇಕು.

ಅದು ಹೆಚ್ಚು ಕಾಲ ನಡೆಯಲಿಲ್ಲ. ಅಮ್ಮ ಇನ್ನೂ ಕೆಲವು ಹಾಳೆಗಳನ್ನಷ್ಟೇ ಕಲಿತಿದ್ದಳು. ಅಪ್ಪನಿಗೆ ಎರಡನೆಯ ಸಲ ಮೆದುಳಿನಲ್ಲಿ ರಕ್ತ ಕಟ್ಟಿತು.

ಈ ಸಲ ಡಾಕ್ಟರು ಭರವಸೆಯ ಮಾತಾಡಲಿಲ್ಲ. ವಾರ್ಡಿನ ಕಿಟಕಿಯ ಪಕ್ಕದ ಮಂಚ. ಅಮ್ಮ ಹಗಲೂ ಇರುಳೂ ಅಲ್ಲೇ. ಊಟ ತಂದರೆ ಮುಟ್ಟುತ್ತಿರಲಿಲ್ಲ, ಮನೆಗೆ ಹೋಗಿ ಸ್ನಾನ ಮಾಡಿ ಬಾ ಎಂದರೆ ಕೇಳುತ್ತಿರಲಿಲ್ಲ. ಅಪ್ಪ ಹೆಚ್ಚಿನ ಹೊತ್ತು ಮಂಪರಿನಲ್ಲಿರುತ್ತಿದ್ದರು. ಕಣ್ಣು ಬಿಟ್ಟಾಗ ಅಮ್ಮ ಬಾಗಿ, "ದುಖ್ರಾ?" ಎಂದು ಕೇಳುತ್ತಿದ್ದಳು. ಉತ್ತರ ಬರುತ್ತಿರಲಿಲ್ಲ.

ಒಂದು ಬೆಳಿಗ್ಗೆ ನಾನು ಔಷಧಿ ತರಲು ಕೆಳಗೆ ಹೋಗಿದ್ದೆ. ವಾಪಸ್ ಬರುವಾಗ ಅಮ್ಮ ಲಿಫ್ಟಿನ ಹತ್ತಿರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ಯಾಕಮ್ಮಾ ಇಲ್ಲಿ?"

"ಹೋಗು ಅಂದ್ರು ಕಣೇ."

"ಯಾರು?"

"ನಿಮ್ಮಪ್ಪ. ಕಣ್ ಬಿಟ್ಟು, ನನ್ನ ಸರಿಯಾಗಿ ನೋಡಿ, ಜಾ ಅಂದ್ರು. ಏನಂದ್ರಿ ಅಂತ ಕೇಳ್ದೆ. ಮತ್ತೆ ಜಾ ಅಂದ್ರು." ಲಿಫ್ಟಿನ ಗುಂಡಿ ಒತ್ತಿದಳು. "ಇಷ್ಟು ದಿನ ಮಾಡಿದ್ದಕ್ಕೆ."

"ಅವರಿಗೆ ತಿಳುವಳಿಕೆ ಎಲ್ಲಿದೆಯಮ್ಮ," ಎಂದೆ. ಅವಳು ಕೇಳಲಿಲ್ಲ. ಸಂಜೆ ಬರುತ್ತೇನೆಂದು ಹೇಳಿ ಲಿಫ್ಟಿನೊಳಗೆ ಹೋದಳು. ಅವಳಿಗೆ ಒಂದಿಷ್ಟು ವಿಶ್ರಾಂತಿಯಾದರೂ ಸಿಗಲಿ ಎಂದು ನಾನೂ ತಡೆಯಲಿಲ್ಲ. ಆಟೋ ಹತ್ತಿಸಲು ಕೆಳಗಿನವರೆಗೆ ಹೋಗಿ ಬಂದೆ.

ವಾರ್ಡಿಗೆ ಮರಳಿದಾಗ ಮಂಚದ ಸುತ್ತ ಪರದೆ ಎಳೆದಿದ್ದರು. ಒಳಗೆ ಡಾಕ್ಟರು, ನರ್ಸು. ನನ್ನನ್ನು ಹೊರಗೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಡಾಕ್ಟರು ಹೊರಗೆ ಬಂದು ತಲೆ ಅಲ್ಲಾಡಿಸಿದರು. ಅಮ್ಮನ ಆಟೋ ಆಗ ಟಿನ್ ಫ್ಯಾಕ್ಟರಿಯ ಸಿಗ್ನಲ್ಲಿನಲ್ಲಿ ಇತ್ತಂತೆ. ನನ್ನ ಫೋನು ಬಂದ ಕೂಡಲೇ ಅಲ್ಲಿಂದಲೇ ಆಟೋ ತಿರುಗಿಸಿಕೊಂಡು ಬಂದಳು.

ನರ್ಸು ಕೇರಳದ ಹುಡುಗಿ. ಕನ್ನಡ ಸ್ವಲ್ಪ ಬರುತ್ತಿತ್ತು, ದಖ್ಖನಿ ಇಲ್ಲ. ಅಮ್ಮ ವಾಪಸ್ ಬಂದು ಅಪ್ಪನ ಕಾಲಿನ ಬಳಿ ಕೂತಿದ್ದಾಗ ಅವಳು ಸಮಾಧಾನ ಹೇಳಲು ಬಂದಳು. "ಅಮ್ಮಾ, ನೀವು ಹೋದ್ಮೇಲೆ ಅಪ್ಪಾ ಏನೋ ಹೇಳಿದ್ರು. ಡೋರ್ ಕಡೆ ನೋಡಿ ಎರಡು ಮೂರು ಸಲ ಹೇಳಿದ್ರು. ನನಗೆ ಗೊತ್ತಾಗಿಲ್ಲ."

"ಏನಂತ ಕೇಳಿಸ್ತು?" ಎಂದು ಅಮ್ಮ ಅವಳ ಕೈ ಹಿಡಿದಳು. "ನೆನಪು ಮಾಡ್ಕೋಮ್ಮಾ. ನಕ್ಕೋ ಅಂದ್ರಾ? ಆ ಅಂದ್ರಾ?"

ಹುಡುಗಿ ಹೆದರಿದಳು. ಗೊತ್ತಿಲ್ಲ, ಗೊತ್ತಿಲ್ಲ ಎನ್ನುತ್ತಾ ನನ್ನ ಕಡೆ ನೋಡಿದಳು. ನಾನು ಅಮ್ಮನ ಬೆರಳುಗಳನ್ನು ಬಿಡಿಸಿದೆ.

ಹಲಸೂರಿನ ಕೆರೆ ಹತ್ತಿರದ ಚಿತಾಗಾರದಲ್ಲಿ ಸಂಸ್ಕಾರ ಮುಗಿಯಿತು. ಚಾಚಾ ಕೊನೆಯವರೆಗೂ ಗೇಟಿನ ಹತ್ತಿರ ನಿಂತಿದ್ದರು. ತಿಥಿ ಕಳೆದ ಮೇಲಿನ ಭಾನುವಾರ ಮನೆಗೆ ಬಂದರು, ಬನ್ನಿನ ಪೊಟ್ಟಣವಿಲ್ಲದೆ. ಅಮ್ಮ ಅವರನ್ನು ಕೂರಿಸಿ, ನೀರು ಕೊಟ್ಟು, ನೇರವಾಗಿ ಕೇಳಿದಳು.

"ಅಣ್ಣಾ, ನಿಮ್ ಮಾತಲ್ಲಿ ಜಾ ಅಂದ್ರೆ ಹೋಗು ಅಂತ ಒಂದೇನಾ?"

ಚಾಚಾ ತಲೆ ತಗ್ಗಿಸಿ ಯೋಚಿಸಿದರು. ಎಲ್ಲವನ್ನೂ ನಾನು ಮೊದಲೇ ಫೋನಿನಲ್ಲಿ ಅವರಿಗೆ ಹೇಳಿದ್ದೆ. ಅಮ್ಮನ ಮನಸ್ಸಿಗೆ ಹಿತವಾಗುವಂಥದ್ದೇನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ.

"ಹೋಗು ಅಂತಾನೇ ಭಾಬಿ. ಆದ್ರೆ ಬೈದೂ ಹೇಳ್ತೀವಿ, ಪ್ರೀತಿಯಿಂದಾನೂ ಹೇಳ್ತೀವಿ. ಬಹಳ ಹೊತ್ತು ಪಕ್ಕದಲ್ಲಿ ಕೂತಿರೋರಿಗೆ, ಜಾ, ಜಾಕೆ ಸೋ, ಹೋಗಿ ಮಲಕ್ಕೋ ಅಂತೀವಿ. ನಕ್ಕೋ ಜಾ ಅಂದ್ರೆ ಹೋಗಬೇಡ. ನಾಲಿಗೆ ಹೊರಳದವನು ಅದ್ರಲ್ಲಿ ಅರ್ಧ ನುಂಗಿರಬಹುದು."

"ಇವರು ಯಾವ್ದು ಅಂದಿದ್ದು?"

"ನಾನು ಅಲ್ಲಿರಲಿಲ್ಲ ಭಾಬಿ." ಅವರ ಕಣ್ಣು ತುಂಬಿತ್ತು. "ಸುಳ್ಳು ಹೇಳಿದ್ರೆ ಅವನ ಬಾಯಿಗೆ ನಾನು ಮಾತು ಹಾಕಿದ ಹಂಗಾಗುತ್ತೆ. ನನ್ನ ಕೇಳಬೇಡಿ."

ಅಮ್ಮ ತಲೆಯಾಡಿಸಿದಳು. ಆ ಉತ್ತರಕ್ಕಾಗಿ ಅವಳು ಅವರ ಮೇಲೆ ಸಿಟ್ಟಾಗಲಿಲ್ಲ. ಟೀ ಮಾಡಿಕೊಟ್ಟಳು.

ಮಳೆಗಾಲ ಬಂದಾಗ ಹಾಳೆಗಳಿಗೆ ಬೂಷ್ಟು ಹಿಡಿಯಿತು. ಅಮ್ಮನನ್ನು ಕೇಳಿ ರದ್ದಿಯವನನ್ನು ಕರೆದೆ. ಎರಡೂ ಮಗ್ಗುಲು ತುಂಬಿದ್ದ ಹಾಳೆಗಳು. ಇನ್ನು ಯಾವುದಕ್ಕೂ ಬರುವಂಥವಲ್ಲ. ಕೆಟ್ಟ ಪ್ರಿಂಟರನ್ನೂ ಅವನೇ ಹೊತ್ತುಕೊಂಡು ಹೋದ. ಅಮ್ಮ ಬಾಗಿಲಿಗೆ ಬಂದು ನೋಡಲಿಲ್ಲ. ಚಾಚಾ ಮೊಣಕಾಲಿನ ಆಪರೇಷನ್ ಆದ ಮೇಲೆ ಬರುವುದನ್ನು ಬಿಟ್ಟರು. ಫೋನು ಮಾಡುತ್ತಾರೆ, ಅಮ್ಮ ಎರಡು ಮಾತಾಡಿ ನನ್ನ ಕೈಗೆ ಕೊಡುತ್ತಾಳೆ.

ಮೊನ್ನೆ ಊಟದ ಹೊತ್ತಿಗೆ ಇದ್ದಕ್ಕಿದ್ದಂತೆ ಅವಳು ಕೇಳಿದಳು: "ಅವತ್ತು ನಾನ್ ಅಲ್ಲೇ ಕೂತಿದ್ದಿದ್ರೆ, ಆಮೇಲೆ ಅಂದ ಮಾತು ನನಗೆ ಅರ್ಥ ಆಗ್ತಿತ್ತಾ?"

"ಆಗ್ತಿತ್ತೇನೋಮ್ಮ," ಎಂದೆ.

"ನನಗೆ ಬರ್ತಿದ್ದದ್ದೇ ನಾಲ್ಕು ಮಾತು," ಎಂದಳು. "ಅಷ್ಟೂ ಕಲೀದೇ ಇದ್ದಿದ್ರೆ ಎದ್ದು ಹೋಗ್ತಿರಲಿಲ್ಲ."

ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಬೇಡ ಎನ್ನಲಾಗಲಿಲ್ಲ.